ತುಕ್ಕು ಹಿಡಿಯದ ಗಿಡ

ಹುಣಸೂರಿನಲ್ಲಿ ಕಾಫಿ ಹದ ಮಾಡುವ ಕಾರ್ಖಾನೆಯೊಂದರ ಹಿಂದೆ, ಹೊಳೆಯ ಕಡೆಗೆ ಮುಖ ಮಾಡಿದ ಮೂರು ಕೋಣೆಯ ಹೆಂಚಿನ ಮನೆಯೊಂದಿತ್ತು. ಸುತ್ತಲ ಸೀಮೆಯ ಕೆಲವು ಕಾಫಿ ತೋಟದ ಮಾಲೀಕರು ಸೇರಿಕೊಂಡು ಅದನ್ನು ನಡೆಸುತ್ತಿದ್ದರು. ಅವರ ಕಾಗದಗಳಲ್ಲಿ ಅದಕ್ಕೆ ಎರಡು ಸಾಲಿನಷ್ಟು ಉದ್ದದ ಇಂಗ್ಲಿಷ್ ಹೆಸರಿತ್ತು. ಊರಿನವರ ಬಾಯಲ್ಲಿ ಅದು ಎಲೆ ಆಸ್ಪತ್ರೆ. ಎಲೆ ಆಸ್ಪತ್ರೆಯ ಗುಮಾಸ್ತರು ಎಂದರೆ ನಾನು.

ಮಹಾರಾಜರ ಆಳ್ವಿಕೆಯ ದಿನಗಳು. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ನಾಲ್ಕೈದು ವರ್ಷವಿತ್ತು. ನನಗಾಗ ಇಪ್ಪತ್ತಮೂರು. ಗಾವಡಗೆರೆಯಲ್ಲಿ ರಾಗಿ, ಹುರುಳಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಮೈಸೂರಿನ ಒಂದು ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು ಇಂಟರ್‌ಮೀಡಿಯೆಟ್‌ವರೆಗೆ ಓದಿದ್ದೆ. ನಮ್ಮ ವಂಶದಲ್ಲಿ ಅಷ್ಟು ಓದಿದವನು ನಾನೇ ಮೊದಲನೆಯವನು. ಆದರೆ ನನಗೆ ಆ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಕೈಬರಹದಿಂದ. ಅರ್ಜಿ ನೋಡಿದ ಸಾಹೇಬರು, “ಈ ಅಕ್ಷರ ಬರೆದವನನ್ನೇ ಕರೆಯಿರಿ” ಎಂದಿದ್ದರಂತೆ.

ಸಾಹೇಬರು ಎಂದು ಎಲ್ಲರೂ ಕರೆಯುತ್ತಿದ್ದರೇ ಹೊರತು ಅವರು ಬಿಳಿಯರಲ್ಲ, ಮೈಸೂರಿನವರೇ. ಪರದೇಶದಲ್ಲಿ ಗಿಡಗಳ ರೋಗದ ಬಗ್ಗೆ ಓದಿ ಬಂದು ಎಲೆ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದರು. ಪಂಚೆಯ ಮೇಲೆ ಕರಿಯ ಕೋಟು, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಮಾತು ಕಡಿಮೆ. ತಪ್ಪು ಕಂಡರೆ ಕೂಗಾಡುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದರು. ನನಗೆ ಅದಕ್ಕಿಂತ ಅವರು ಬೈದಿದ್ದರೇ ಮೇಲಾಗಿತ್ತು ಅನ್ನಿಸುತ್ತಿತ್ತು.

ಆಗ ಕಾಫಿಗೆ ಬರುತ್ತಿದ್ದ ದೊಡ್ಡ ರೋಗವೆಂದರೆ ಎಲೆ ತುಕ್ಕು. ಮಳೆಗಾಲ ಹಿಡಿದ ಮೇಲೆ ಎಲೆಯ ತಳದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಳ್ಳುತ್ತದೆ. ಬೆರಳಿನಿಂದ ಸವರಿದರೆ ಬೆರಳಿಗೆ ಮೆತ್ತುತ್ತದೆ. ಗಾಳಿಗೆ, ಮಳೆಹನಿಗೆ, ಆಳುಗಳ ಬಟ್ಟೆಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ. ಕೊನೆಗೆ ಎಲೆಗಳೆಲ್ಲ ಉದುರಿ, ಕಾಯಿ ಕಟ್ಟಿದ ಗಿಡ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ಆ ಪುಡಿ ಒಂದು ಬಗೆಯ ಬೂಷ್ಟು ಎಂದು ಸಾಹೇಬರು ನನಗೆ ಮೊದಲ ದಿನವೇ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಎಲ್ಲ ಗಿಡಗಳೂ ಅದಕ್ಕೆ ಸೋಲುವುದಿಲ್ಲ, ಸಾವಿರಕ್ಕೋ ಲಕ್ಷಕ್ಕೋ ಒಂದು ಗಿಡ ತಡೆದು ನಿಲ್ಲಬಹುದು, ಅಂಥದ್ದನ್ನು ಹುಡುಕಿ ಅದರ ಬೀಜದಿಂದ ಹೊಸ ತೋಟ ಎಬ್ಬಿಸಬೇಕು. ಇದು ಅವರ ನಂಬಿಕೆ. ನಮ್ಮ ಎಲೆ ಆಸ್ಪತ್ರೆ ಇದ್ದದ್ದೇ ಅದಕ್ಕಾಗಿ.

ಪರೀಕ್ಷೆಯೇನೂ ದೊಡ್ಡ ಗುಟ್ಟಲ್ಲ. ತೋಟಗಳಿಂದ ಬಂದ ಎಲೆಗಳನ್ನು ತೊಳೆದು, ಶಾಯಿ ಹೀರುವ ಒತ್ತುಕಾಗದವನ್ನು ಒದ್ದೆ ಮಾಡಿ ಅದರ ಮೇಲೆ ತಳ ಮೇಲಾಗಿ ಮಲಗಿಸಿ ಗಾಜಿನ ತಟ್ಟೆಯಲ್ಲಿ ಇಡುತ್ತಿದ್ದೆ. ತುಕ್ಕಿನ ಪುಡಿಯನ್ನು ನೀರಿನಲ್ಲಿ ಕದಡಿ ಅವುಗಳ ಮೇಲೆ ಸಿಂಪಡಿಸಬೇಕು. ಗಾಜಿನ ಮುಚ್ಚಳ ಮುಚ್ಚಿ ಮೊದಲೆರಡು ದಿನ ಕತ್ತಲೆಯಲ್ಲಿ, ಆಮೇಲೆ ನೆರಳಿನಲ್ಲಿ ಇಟ್ಟು, ತೇವ ಆರದಂತೆ ಕಾಯಬೇಕು. ಮೂರು ವಾರದ ಸುಮಾರಿಗೆ ಸೋಲುವ ಎಲೆಯಲ್ಲಿ ಹಳದಿ ಮಚ್ಚೆ ಎದ್ದು, ಅದರೊಳಗಿಂದ ಕಿತ್ತಳೆ ಪುಡಿ ಒಡೆಯುತ್ತದೆ. ಗೆದ್ದ ಎಲೆ ಹಸಿರಾಗಿಯೇ ಇರುತ್ತದೆ. ನಾನಿದ್ದ ಮೊದಲ ವರ್ಷ ನೂರಾರು ತಟ್ಟೆ ಇಟ್ಟಿರಬಹುದು. ಎಲ್ಲದರಲ್ಲೂ ಕಿತ್ತಳೆ ಪುಡಿಯೇ.

ಪ್ರತಿ ತಟ್ಟೆಗೂ ಒಂದು ಸಂಖ್ಯೆ. ಮುಚ್ಚಳದ ಮೇಲೆ ಚೀಟಿ ಅಂಟಿಸಿ, ತಟ್ಟೆಯ ತಳದಲ್ಲೂ ಮೇಣದ ಪೆನ್ಸಿಲಿನಿಂದ ಅದೇ ಸಂಖ್ಯೆ ಬರೆಯಬೇಕು ಎಂದು ಸಾಹೇಬರು ಹೇಳಿದ್ದರು. ಮೊದಲು ಕೆಲವು ತಿಂಗಳು ಹಾಗೆಯೇ ಮಾಡಿದೆ. ಆಮೇಲೆ ಒಂದು ಕಡೆ ಬರೆದರೆ ಸಾಲದೇ ಅನ್ನಿಸಿತು. ತಳದಲ್ಲಿ ಬರೆಯುವುದನ್ನು ಬಿಟ್ಟೆ.

ಎರಡನೆಯ ವರ್ಷ ಮುಂಗಾರು ಶುರುವಾದ ಹೊಸತರಲ್ಲಿ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು. ಮಂಡಿಯವರೆಗೆ ಕೆಸರು ಮೆತ್ತಿತ್ತು. ಬಾಗಿಲ ಹೊರಗೇ ನಿಂತು, ಕಂಕುಳಲ್ಲಿದ್ದ ಬಾಳೆಲೆಯ ಗಂಟನ್ನು ಇಳಿಸದೆ ಕೇಳಿದಳು:

“ಬುದ್ಧೀ, ಎಲೆ ಆಸ್ಪತ್ರೆ ಅಂದ್ರೆ ಇದೇಯಾ?”

“ಹೌದವ್ವ. ಏನಾಗಬೇಕಿತ್ತು?”

“ಪಿರಿಯಾಪಟ್ಟಣದಿಂದ ಆಚ್ಗೆ, ಕೊಡಗಿನ ಗಡಿ ತಾವಿಂದ ಬಂದಿವ್ನಿ. ನಮ್ ತ್ವಾಟ್ದಲ್ಲಿ ಒಂದು ಗಿಡ ಅದೆ. ಎಲ್ಲ ಗಿಡಕ್ಕೂ ತುಕ್ಕು ಬಂದು ಎಲೆ ಉದುರೋದ್ರೂ ಅದೊಂದು ಅಂಗೇ ಅಸ್ರಾಗಿ ನಿಂತ್ಕತದೆ. ಅದನ್ನ ನೋಡಿ ಏಳ್ತಾರೆ ಅಂದ್ರು, ಅದ್ಕೇ ಬಂದೆ.”

ನನಗೆ ನಗು ಬಂತು. ಇಂಥ ಮಾತನ್ನು ಹತ್ತಾರು ಜನ ಹೇಳಿದ್ದರು. ಮಾಲೀಕರ ತೋಟದ ಎಲೆಗಳು ತಗಡಿನ ಪೆಟ್ಟಿಗೆಯಲ್ಲಿ, ಅಚ್ಚಾದ ಚೀಟಿಯೊಂದಿಗೆ ಬರುತ್ತಿದ್ದವು. ಬಾಳೆಲೆಯಲ್ಲಿ ಕಟ್ಟಿಕೊಂಡು ಯಾರೂ ಬಂದಿರಲಿಲ್ಲ. ಇಲ್ಲಿ ಹೊರಗಿನವರದು ನೋಡುವುದಿಲ್ಲ ಎಂದು ಹೇಳಿ ಕಳಿಸಬೇಕೆಂದಿದ್ದೆ. ಅಷ್ಟರಲ್ಲಿ ಸಾಹೇಬರು ಒಳಗಿಂದ ಬಂದರು. ಅವಳನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಲು ಹೇಳಿದರು. ಅವಳು ನೆಲದ ಮೇಲೆ ಕೂತಳು.

ಅವಳ ಕಥೆ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಹತ್ತು ವರ್ಷದವಳಿದ್ದಾಗಿನಿಂದ ಕೊಡಗಿನ ಎಸ್ಟೇಟುಗಳಲ್ಲಿ ಹಣ್ಣು ಬಿಡಿಸುವ ಆಳು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಗಡಿಯ ಈಚೆಗೆ ಎರಡು ಎಕರೆ ಕಾಡಂಚಿನ ನೆಲ ಮಾಡಿಕೊಂಡು, ಮರದ ನೆರಳಿನಲ್ಲಿ ಕಾಫಿ ಇಟ್ಟರು. ಬೀಜವೆಲ್ಲ ಅಲ್ಲಿ ಇಲ್ಲಿ ಆಯ್ದು ತಂದದ್ದು. ಗಂಡ ಚಳಿಜ್ವರದಲ್ಲಿ ಹೋದ. ಮಕ್ಕಳಿಲ್ಲ. ತೋಟ ಅವಳೇ ನೋಡಿಕೊಳ್ಳುತ್ತಿದ್ದಳು.

“ಎಷ್ಟು ವರ್ಷದಿಂದ ಆ ಗಿಡ ನೋಡ್ತಾ ಇದ್ದೀರಮ್ಮ?” ಎಂದು ಸಾಹೇಬರು ಕೇಳಿದರು.

“ನಾಕು ಮಳೆಗಾಲ ಆಯ್ತು ಬುದ್ಧಿ.”

“ಬೇರೆ ಗಿಡಗಳಿಂದ ದೂರ ಇದೆಯೋ ಏನೋ. ಅದಕ್ಕೇ ರೋಗ ತಗಲಿರಲಿಕ್ಕಿಲ್ಲ.”

“ಇಲ್ಲ ಬುದ್ಧಿ, ನಡೂ ಮದ್ಯದಲ್ಲೇ ಅದೆ. ನಂಗೂ ಅಂಗೇ ಅನ್ಮಾನ ಬಂತು. ಅದ್ಕೇ ತುಕ್ಕಿಡ್ದಿರೋ ಎಲೆ ಕಿತ್ಕಬಂದು ಅದ್ರ ಎಲೆಗೆ ತಳದ ಕಡೆಯಿಂದ ಚೆನ್ನಾಗಿ ಉಜ್ದೆ. ಮ್ಯಾಲೆ ಒದ್ದೆ ಬಟ್ಟೆ ಸುತ್ತಿ ಬುಟ್ಟೆ. ತಿಂಗ್ಳಾದ್ರೂ ಏನೂ ಆಗ್ನಿಲ್ಲ.”

ಸಾಹೇಬರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಕೇಳಿದೆಯೇನಯ್ಯಾ? ಇಷ್ಟೆಲ್ಲ ಗಾಜು ಇಟ್ಟುಕೊಂಡು ನಾವು ಮಾಡೋದೂ ಅದನ್ನೇ. ಇವರು ಮನೆಯಲ್ಲೇ ಮಾಡಿ ಬಂದಿದ್ದಾರೆ.”

ಗಂಟು ಬಿಚ್ಚಿ ಎಲೆಗಳನ್ನು ಮೇಜಿನ ಮೇಲೆ ಹರಡಿದರು. ಸಾಮಾನ್ಯ ಕಾಫಿ ಎಲೆಗಿಂತ ತುಸು ಕಿರಿದು, ಅಂಚು ಸಣ್ಣಗೆ ಅಲೆ ಅಲೆಯಾಗಿತ್ತು. ಸಾಹೇಬರು ಅದನ್ನು ನನಗೂ ತೋರಿಸಿದರು. ಎಲೆಗಳನ್ನು ನಾನೇ ತೊಳೆದೆ, ನಾನೇ ಮಲಗಿಸಿದೆ, ಅವರ ಎದುರಿನಲ್ಲೇ ಸಿಂಪಡಿಸಿದೆ. ಒಂದು ತಿಂಗಳು ಬಿಟ್ಟು ಬರಲು ಅವಳಿಗೆ ಹೇಳಿದೆವು. ಅವಳು ತಟ್ಟೆಗೆ ಒಂದು ಸಲ ಕೈಮುಗಿದು ಹೋದಳು.

ಅದೇ ವಾರ ಎಲೆ ಆಸ್ಪತ್ರೆ ನಡೆಸುವ ಮಾಲೀಕರಲ್ಲಿ ಒಬ್ಬರ ದೊಡ್ಡ ತೋಟದಿಂದ ಒಂದು ತಗಡಿನ ಪೆಟ್ಟಿಗೆ ಬಂತು. ಅವರದೂ ಒಂದು ಗಿಡ ತುಕ್ಕು ತಡೆದಂತೆ ಕಾಣುತ್ತಿದೆ ಎಂಬ ಕಾಗದವಿತ್ತು. ಆ ಎಲೆಗಳನ್ನೂ ಅದೇ ಹಲಗೆಯ ಮೇಲೆ, ಹೆಂಗಸಿನ ತಟ್ಟೆಯ ಪಕ್ಕದಲ್ಲಿ ಇಟ್ಟೆ.

ಆಮೇಲೆ ಸಾಹೇಬರು ಚಿಕ್ಕಮಗಳೂರಿನ ಕಡೆಗೆ ಪ್ರವಾಸ ಹೋದರು. ಹಿಂತಿರುಗುವುದು ಒಂದು ತಿಂಗಳಾಗಬಹುದು, ತಟ್ಟೆಗಳನ್ನು ದಿನವೂ ನೋಡಿ ಬರೆದಿಡು ಎಂದು ಹೇಳಿ ಹೋದರು. ಎರಡು ವಾರ ಬರೆದೆ. ಎಲೆಗಳಲ್ಲಿ ಇನ್ನೂ ಏನೂ ಎದ್ದಿರಲಿಲ್ಲ. ಅಷ್ಟರಲ್ಲಿ ಗಾವಡಗೆರೆಯಿಂದ ಅಣ್ಣ ಹೇಳಿಕಳಿಸಿದ, ನನಗೆ ಹೆಣ್ಣು ನೋಡಲು ಹೋಗಬೇಕು ಎಂದು. ಎರಡು ದಿನಕ್ಕೆಂದು ಹೋದವನು ಆರು ದಿನ ಉಳಿದೆ. ಹೆಣ್ಣು ಒಪ್ಪಿಗೆಯಾಗಿತ್ತು, ನೆಂಟರು ಬಿಡಲಿಲ್ಲ, ನನಗೂ ಹೊರಡುವ ಮನಸ್ಸಿರಲಿಲ್ಲ.

ಹಿಂತಿರುಗಿ ಬೀಗ ತೆಗೆದಾಗ ಒಳಗೆಲ್ಲ ನೀರು. ಹೆಂಚು ಸರಿದು ಮಳೆ ನೇರ ಹಲಗೆಯ ಮೇಲೆ ಸುರಿದಿತ್ತು. ಮುಚ್ಚಳಗಳ ಮೇಲೆ ಕೆಸರು ನೀರು ನಿಂತಿತ್ತು. ಗಾಬರಿಯಲ್ಲಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ತಂದಿಟ್ಟೆ. ತುದಿಯಲ್ಲಿದ್ದ ಎರಡರ ಮುಚ್ಚಳ ತೆಗೆದು, ನೀರು ಚೆಲ್ಲಿ, ಪಂಚೆಯ ಅಂಚಿನಲ್ಲಿ ಒರೆಸಿದೆ. ಒರೆಸಿ ಮುಚ್ಚಲು ಹೋದಾಗ ಕೈ ನಿಂತಿತು. ಎರಡು ಕೈಯಲ್ಲಿ ಎರಡು ಮುಚ್ಚಳ, ಎದುರಿಗೆ ಎರಡು ತಟ್ಟೆ. ಯಾವ ಮುಚ್ಚಳ ಯಾವ ತಟ್ಟೆಯದು?

ಒಂದು ಮುಚ್ಚಳದ ಸಂಖ್ಯೆ ಆ ಹೆಂಗಸಿನದು, ಇನ್ನೊಂದು ಮಾಲೀಕರದು. ಒಂದು ತಟ್ಟೆಯಲ್ಲಿ ಎಲೆಗಳ ತುಂಬ ಕಿತ್ತಳೆ ಪುಡಿ ಒಡೆದಿತ್ತು. ಇನ್ನೊಂದರಲ್ಲಿ ಎಲೆಗಳು ಹಸಿರಾಗಿ, ಶುಭ್ರವಾಗಿ ಮಲಗಿದ್ದವು. ಆ ಮನೆಗೆ ಬಂದ ಮೇಲೆ ನಾನು ಕಂಡ ಮೊದಲ ಗೆದ್ದ ಎಲೆ ಅದು.

ಸಾಹೇಬರು ಬಂದಾಗ ನಡೆದದ್ದನ್ನು ಹೇಳಿ, ಎರಡೂ ಕಡೆಯಿಂದ ಹೊಸ ಎಲೆ ತರಿಸಿ ಮತ್ತೆ ಪರೀಕ್ಷೆ ಮಾಡಬಹುದಿತ್ತು. ಒಂದು ತಿಂಗಳು ತಡವಾಗುತ್ತಿತ್ತು, ಅಷ್ಟೆ. ಆದರೆ ಹೇಳಿದರೆ ತಳದಲ್ಲಿ ಬರೆಯದೆ ಇದ್ದದ್ದು, ಆರು ದಿನ ಬೀಗ ಹಾಕಿ ಹೋಗಿದ್ದು ಎಲ್ಲವೂ ಹೊರಬೀಳುತ್ತಿತ್ತು. ನನ್ನ ಕೆಲಸ ಖಾಯಂ ಆಗುವುದು ಆ ತಿಂಗಳ ಕೊನೆಗೆ. ಹೆಣ್ಣಿನ ಮನೆಯವರಿಗೆ ಖಾಯಂ ಕೆಲಸ ಎಂದೇ ಹೇಳಿ ಬಂದಿದ್ದೆವು.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಹಸಿರಾಗಿದ್ದ ಎಲೆಗಳು ಕಿರಿದಾಗಿದ್ದವು. ಅಂಚು ಅಲೆಯಲೆಯಾಗಿಯೇ ಇತ್ತು. ಅದನ್ನು ನಾನು ಕಂಡೆ. ಕಂಡು, ಮೂರು ವಾರ ನೀರಿನಲ್ಲಿ ಬಿದ್ದ ಎಲೆ ಸುರುಟಿಕೊಂಡು ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ದೊಡ್ಡ ತೋಟ, ಅಷ್ಟು ತಿಳಿದವರು, ಅಷ್ಟೊಂದು ಗಿಡ. ಗೆಲ್ಲುವ ಗಿಡ ಅಲ್ಲಿ ಹುಟ್ಟದೆ ಕೂಲಿ ಹೆಂಗಸೊಬ್ಬಳ ಎರಡು ಎಕರೆಯಲ್ಲಿ ಹುಟ್ಟುತ್ತದೆಯೇ? ರಾಗಿ ಬೆಳೆಯುವವನ ಮಗನಾದ ನನಗೆ ಹೀಗನ್ನಿಸಿತು. ಹಸಿರು ತಟ್ಟೆಯ ಮೇಲೆ ಮಾಲೀಕರ ಮುಚ್ಚಳ ಇಟ್ಟೆ. ತುಕ್ಕಿನ ತಟ್ಟೆಯ ಮೇಲೆ ಅವಳದು.

ಸಾಹೇಬರು ಪ್ರವಾಸದಿಂದ ಜ್ವರ ಹಿಡಿಸಿಕೊಂಡು ಬಂದರು. ಹಾಸಿಗೆಯಲ್ಲೇ ನನ್ನ ಬರಹ ಓದಿದರು. “ಆ ಅಮ್ಮನದು ಹೋಯಿತೇ” ಎಂದು ಒಂದು ಸಲ ಕೇಳಿದರು. ಮಾಲೀಕರ ಗಿಡ ಗೆದ್ದಿತು ಎಂಬ ಸಾಲಿನ ಕೆಳಗೆ ರುಜು ಹಾಕಿದರು.

ಹೆಂಗಸಿನ ಹೆಸರಿಗೆ ಕನ್ನಡದಲ್ಲಿ ವರದಿ ಬರೆದವನು ನಾನೇ. ಸೋತ ಗಿಡಗಳಿಗೆಲ್ಲ ಒಂದೇ ಮಾತಿತ್ತು: ಗಿಡ ರೋಗವನ್ನು ತಡೆಯುವುದಿಲ್ಲ, ಅದನ್ನು ಬೀಜಕ್ಕೆ ಉಳಿಸಬಾರದು, ಬೇರುಸಹಿತ ಕಿತ್ತು, ಉದುರಿದ ಹಣ್ಣು ಮತ್ತು ಎಲೆಯ ಸಮೇತ ಸುಡತಕ್ಕದ್ದು. ನಾವು ಹೇಳಿದ್ದ ದಿನಕ್ಕೆ ಸರಿಯಾಗಿ ಅವಳು ಬಂದಳು. ನಾನು ಅದನ್ನು ಓದಿ ಹೇಳಿದೆ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ತುಕ್ಕು ಬಂತಾ ಬುದ್ಧಿ ಅದ್ಕೆ?”

“ಬಂತವ್ವ.”

“ನೀವೇ ಕಣ್ಣಾರೆ ನೋಡಿದ್ರಾ?”

“ನಾನೇ ನೋಡಿದೆ.”

“ಅಂಗಾದ್ರೆ ನಂದೇ ತಪ್ಪು ಕಣ್ ಬುದ್ಧಿ. ನಂಗೆ ಕಣ್ ಸರ್ಯಾಗಿ ಕಾಣ್ದೆ ಓಯ್ತೇನೋ” ಎಂದಳು. ಕಾಗದವನ್ನು ನಾಲ್ಕಾಗಿ ಮಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದಳು.

ನನ್ನ ಕೆಲಸ ಖಾಯಂ ಆಯಿತು. ಮದುವೆಯೂ ಆಯಿತು. ಮಾಲೀಕರ ಗಿಡದ ಹಣ್ಣನ್ನು ಕಾವಲಿಟ್ಟು ಬಿಡಿಸಿದರು. ಬೀಜವನ್ನು ಪಾತಿಗೆ ಹಾಕಿ, ಸಸಿಗಳನ್ನು ಮಗುವಿನಂತೆ ಸಾಕಿದರು. ಸಾಹೇಬರು ವಾರಕ್ಕೊಂದು ಸಲ ಹೋಗಿ ನೋಡುತ್ತಿದ್ದರು. ಎರಡನೆಯ ಮಳೆಗಾಲದಲ್ಲಿ ಆ ಸಸಿಗಳಿಗೆ ತುಕ್ಕು ಹತ್ತಿತು. ಒಂದಕ್ಕಲ್ಲ, ಎಲ್ಲದಕ್ಕೂ. ತಾಯಿಗಿಡದ ಎಲೆಯಲ್ಲೂ ಪುಡಿ ಕಂಡಿತು.

ಸಾಹೇಬರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ತುಕ್ಕಿನಲ್ಲೇ ಬೇರೆ ಬೇರೆ ಜಾತಿ ಇರಬಹುದು, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಸೋಲಬಹುದು ಎಂದು ಪುಸ್ತಕಗಳನ್ನೆಲ್ಲ ತೆರೆದು ಹುಡುಕಿದರು. “ಎಲ್ಲಿ ತಪ್ಪಿದೆವು, ನಿನಗೇನಾದರೂ ಹೊಳೆಯುತ್ತದೆಯೇ?” ಎಂದು ನನ್ನನ್ನೂ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಮನುಷ್ಯ ಇಲ್ಲದ ಕಾರಣವನ್ನು ಹುಡುಕುತ್ತ ಕೂತಿರುವುದನ್ನು ನೋಡಲಾಗಲಿಲ್ಲ. ಮರುದಿನ ರಜೆ ಕೇಳಿ ಪಿರಿಯಾಪಟ್ಟಣದ ಮೋಟಾರು ಹತ್ತಿದೆ.

ಹೋದದ್ದು ತಪ್ಪೊಪ್ಪಿಕೊಳ್ಳಲಿಕ್ಕಲ್ಲ. ವರದಿಯ ಮಾತು ಕೇಳಿ ಗಿಡ ಕೀಳುವವರು ಕಡಿಮೆ. ಕಾಯಿ ಬಿಡುವ ಗಿಡವನ್ನು ಕೀಳಲು ಯಾರಿಗೂ ಕೈ ಬರುವುದಿಲ್ಲ. ಅವಳೂ ಬಿಟ್ಟಿದ್ದರೆ, ಹೊಸ ಎಲೆ ತಂದು, ಇನ್ನೊಂದು ಸಲ ಪರೀಕ್ಷೆ ಮಾಡಿದೆ ಎಂದು ಸಾಹೇಬರಿಗೆ ತೋರಿಸಿದರೆ ಯಾರಿಗೂ ಏನೂ ತಿಳಿಯದೆ ಎಲ್ಲ ಸರಿಹೋಗುತ್ತದೆ. ನನ್ನ ಲೆಕ್ಕಾಚಾರ ಇದು.

ಮೋಟಾರು ಇಳಿದು ಪಡುವಲಿಗೆ ನಡೆದೆ. ಮಳೆ ಬಿಟ್ಟಿತ್ತು. ಕೇಳುತ್ತ ಕೇಳುತ್ತ ಅವಳ ಗುಡಿಸಲು ಸೇರುವಾಗ ಮಧ್ಯಾಹ್ನ. ಅವಳು ನನ್ನನ್ನು ನೋಡಿದ ಕೂಡಲೇ ಗುರುತಿಸಿ, “ಅಯ್ಯೋ, ಆಸ್ಪತ್ರೆ ಬುದ್ಧಿಯೋರು!” ಎಂದು ಚಾಪೆ ಹಾಸಿದಳು. ಕೈಕಾಲಿಗೆ ನೀರು ಕೊಟ್ಟು, ಬೆಲ್ಲ ಹಾಕಿ ಕಾಫಿ ಕಾಯಿಸಿದಳು. ನಾನು ಕುಡಿಯುವ ಮೊದಲೇ ಕೇಳಿದೆ, ಆ ಗಿಡ ಎಲ್ಲಿ ಎಂದು.

“ಅವತ್ತೇ ಕಿತ್ತಾಕ್ದೆನಲ್ಲ ಬುದ್ಧಿ. ನೀವು ಏಳಿದ್ರಲ್ಲ.”

“ಬೇರುಸಹಿತವಾ?”

“ಊಂ. ಗಟ್ಟಿ ಗಿಡ, ಒಂದು ದಿನ ಇಡೀ ಅಗೆದೆ. ತಳದಲ್ಲಿ ಬಿದ್ದಿದ್ದ ಅಣ್ಣು, ಎದ್ದಿದ್ದ ಸಸಿ, ಎಲ್ಲಾನೂ ಗುಡ್ಸಿ ಬೆಂಕಿ ಇಕ್ಕಿದೆ. ಬ್ಯಾರೆ ಗಿಡಕ್ಕೆ ತೊಂದ್ರೆ ಆಗ್ಬಾರ್ದಲ್ಲ.”

ಕರೆದುಕೊಂಡು ಹೋಗಿ ಜಾಗ ತೋರಿಸಿದಳು. ಅಲ್ಲೊಂದು ಚಿಕ್ಕ ಕಿತ್ತಳೆ ಗಿಡ ನೆಟ್ಟಿದ್ದಳು. ಸುತ್ತಲೂ ಎಲೆಯುದುರಿದ ಕಾಫಿ ಗಿಡಗಳು. ಇನ್ನು ಮಾತನ್ನು ಒಳಗಿಟ್ಟುಕೊಂಡು ಪ್ರಯೋಜನವಿರಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. ಮಳೆ ನೀರು ಸುರಿದದ್ದು, ಎರಡು ಮುಚ್ಚಳ ಅದಲುಬದಲಾದದ್ದು, ಅಂದಾಜಿನ ಮೇಲೆ ಬರೆದದ್ದು, ಗೆದ್ದದ್ದು ಬಹುಶಃ ಅವಳ ಗಿಡವೇ ಇರಬೇಕು ಎಂಬುದು. ಅವಳು ಕಿತ್ತಳೆ ಗಿಡದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಅಂಗಾದ್ರೆ ನಾ ಏಳಿದ್ದೇ ನಿಜ ಆಗಿತ್ತಾ?”

“ಹೌದವ್ವ.”

“ಎಲೆ ನೋಡಿದ್ರೂ ನಿಮ್ಗೆ ಗೊತ್ತಾಗ್ನಿಲ್ವಾ? ಬ್ಯಾರೆ ತರ ಇತ್ತಲ್ಲ ಅದ್ರ ಎಲೆ.”

ಆ ಪ್ರಶ್ನೆಗೆ ನಾನು ಸಿದ್ಧನಾಗಿ ಬಂದಿರಲಿಲ್ಲ. “ಗಮನಿಸಲಿಲ್ಲ” ಎಂದೆ. ತಪ್ಪೊಪ್ಪಿಕೊಳ್ಳುತ್ತಲೇ ಇನ್ನೊಂದು ಸುಳ್ಳು ಹೇಳಿದೆ.

ಅವಳು ಅಳಲಿಲ್ಲ, ಶಪಿಸಲೂ ಇಲ್ಲ. ಕೈಯಲ್ಲಿ ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಹೇಳಿದಳು:

“ಈಗ ಯಾಕ್ ಬಂದು ಏಳಿದ್ರಿ? ನಂಗೇ ಕಣ್ ಕಾಣಾಕಿಲ್ಲ, ನಾನೇ ತಿಳೀದೆ ಏನೋ ಅಂದ್ಕಂಡಿದ್ದೆ ಅಂತ ಮನ್ಸಿಗೆ ಸಮಾದಾನ ಮಾಡ್ಕಂಡಿದ್ದೆ. ಎಲ್ಡು ವರ್ಸ ಆಯ್ತು, ಮರ್ತಿದ್ದೆ. ಈಗ ಈ ಕೈಲಿ ಕಿತ್ತಾಕ್ದೆನಲ್ಲಾ ಅಂತ ದಿನಾ ಅನ್ನಿಸ್ತದೆ ನಂಗೆ.”

ಹೇಳಿ ಹಗುರಾಗಬಹುದು ಎಂದುಕೊಂಡಿದ್ದೆ. ನನ್ನ ಭಾರವನ್ನು ಅವಳ ತಲೆಯ ಮೇಲೂ ಇಟ್ಟು ಬಂದಂತಾಯಿತು.

ಹುಣಸೂರಿಗೆ ಬಂದವನೇ ಸಾಹೇಬರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಪುಸ್ತಕ ಓದುತ್ತಿದ್ದರು. ಎಲ್ಲವನ್ನೂ ಹೇಳಿದೆ, ಎಲೆಯ ಅಂಚನ್ನು ಕಂಡೂ ಕಾಣದಂತೆ ಮಾಡಿದ್ದನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಒರೆಸಲಿಲ್ಲ. ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು.

“ಬುಡದಲ್ಲಿ ಚಿಗುರು ಏನಾದರೂ ಉಳಿದಿದೆಯೇ?”

“ಇಲ್ಲ ಸಾರ್. ಪೂರ್ತಿ ಅಗೆದಿದ್ದಾಳೆ.”

“ಹಕ್ಕಿ ತಿಂದು ಉದುರಿಸಿದ ಬೀಜ ಬೇಲಿಯಲ್ಲೋ ಹಳ್ಳದಲ್ಲೋ ಹುಟ್ಟಿರಬಹುದು. ನಾಳೆ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು.” ಆಮೇಲೆ ನಿಧಾನವಾಗಿ ಹೇಳಿದರು: “ಕೈ ತಪ್ಪೋದು ಎಲ್ಲರಿಗೂ ಆಗತ್ತೆ ಕಣಯ್ಯಾ. ಆ ದಿನ ಬಂದು ಹೇಳಿದ್ದರೆ ಒಂದು ತಿಂಗಳ ಕೆಲಸ.”

ಮರುದಿನ ನಾವಿಬ್ಬರೂ ಹೋದೆವು. ಸಾಹೇಬರು ಅವಳ ಎದುರು ನಿಂತು, “ತಪ್ಪು ನಮ್ಮದಮ್ಮ. ರುಜು ಹಾಕಿದವನು ನಾನು. ನಾನೇ ಬಂದು ನೋಡಬೇಕಿತ್ತು” ಎಂದರು. ಪರದೇಶದಲ್ಲಿ ಓದಿ ಬಂದ ಆ ಹಿರಿಯರು ಹಾಗೆ ಹೇಳಿದ್ದನ್ನು ಕೇಳಿ ಅವಳು ಗಾಬರಿಯಾಗಿ, “ಅಂಗೆಲ್ಲ ಅನ್ಬ್ಯಾಡಿ ಬುದ್ಧಿ, ಬುಡಿ ಬುಡಿ” ಎಂದಳು. ಹುಡುಕಲು ಅವಳೂ ಬಂದಳು. ಎಲ್ಲಿ ಹಕ್ಕಿ ಕೂರುತ್ತದೆ, ಪುನುಗಿನ ಬೆಕ್ಕು ಎಲ್ಲಿ ಹಣ್ಣು ತಿಂದು ಬೀಜ ಬಿಡುತ್ತದೆ ಎಂದೆಲ್ಲ ಅವಳಿಗೇ ಗೊತ್ತಿತ್ತು. ಜಿಗಣೆ ಕಚ್ಚಿಸಿಕೊಂಡು ಮೂವರೂ ಎರಡು ದಿನ ಬೇಲಿ, ಹಳ್ಳ, ಕಾಡಿನ ಅಂಚು ಎಲ್ಲ ಜಾಲಾಡಿದೆವು. ತಾನಾಗಿ ಹುಟ್ಟಿದ ಹನ್ನೊಂದು ಸಸಿ ಸಿಕ್ಕಿದವು. ಅವುಗಳ ಎಲೆ ಕಿರಿದೋ ಅಗಲವೋ ಎಂದು ಆ ವಯಸ್ಸಿಗೆ ಹೇಳುವಂತಿರಲಿಲ್ಲ. ಒಂದನ್ನು ಅವಳು ಬಹಳ ಹೊತ್ತು ಅಂಗೈಯಲ್ಲಿಟ್ಟು ನೋಡಿ, “ಇದು ಅದ್ರ ಮಗೀನೇ ಇರ್ಬೌದು ಬುದ್ಧಿ” ಎಂದಳು.

ಸಸಿಗಳನ್ನು ಮಣ್ಣಿನ ಕುಡಿಕೆಗಳಲ್ಲಿ ನೆಟ್ಟು ಹುಣಸೂರಿಗೆ ತಂದೆವು. ಈ ಸಲ ಸಾಹೇಬರು ಅವನ್ನು ಮುಟ್ಟಲು ನನ್ನನ್ನು ಬಿಡಲಿಲ್ಲ. ಎಲ್ಲವನ್ನೂ ತಾವೇ ಮಾಡಿದರು. ನಾನು ಪಕ್ಕದ ಕೋಣೆಯಲ್ಲಿ ಕಾಗದ ಬರೆಯುತ್ತ ಕೂತಿರುತ್ತಿದ್ದೆ. ಎಲೆ ಬಲಿಯುವ ತನಕ ಕಾದು, ಪರೀಕ್ಷೆಗೆ ಇಟ್ಟರು. ಮೂರು ವಾರ ಕಳೆಯುವ ಹೊತ್ತಿಗೆ ಆ ಹೆಂಗಸಿಗೆ ಹೇಳಿಕಳಿಸಿ ಕರೆಸಿದರು. ಹನ್ನೊಂದರಲ್ಲಿ ಹತ್ತಕ್ಕೆ ಆಗಲೇ ಪುಡಿ ಒಡೆದಿತ್ತು. ಅವಳು ಆರಿಸಿದ್ದ ಆ ಒಂದು ಮಾತ್ರ ಶುಭ್ರವಾಗಿತ್ತು. ಅವಳು ಹಿಂದಿನ ಜಗಲಿಯಲ್ಲೇ ಉಳಿದು ಎರಡು ದಿನ ಕಾದಳು. ಸಾಹೇಬರ ಮನೆಯವರು ಊಟ ಕಳಿಸುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಸಾಹೇಬರು ಅವಳನ್ನು ಒಳಗೆ ಕರೆದು, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಸಾಸಿವೆ ಅಷ್ಟು ಅಳದಿ ಕಾಣ್ತದೆ” ಎಂದಳು.

“ಹೌದಮ್ಮ. ನಾಳೆ ಅದೂ ಒಡೆಯುತ್ತೆ.”

“ಅಂಗಾದ್ರೆ ಇದೂ ಅದ್ರದ್ದಲ್ಲ.”

“ಅಲ್ಲ ಅಂತ ಕಾಣುತ್ತೆ.”

ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಅವಳು ಹೊರಟಳು. ನನ್ನ ಪಕ್ಕದಲ್ಲೇ ಹಾದು ಹೋದಳು. ಕೋಪದ ಮುಖವಲ್ಲ. ಗುರುತಿಲ್ಲದವರ ಪಕ್ಕ ಹಾದು ಹೋಗುವ ಹಾಗೆ.

ಸಾಹೇಬರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮಾಲೀಕರಿಗೆ ನಿಜ ಬರೆದು, ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ತಟ್ಟೆ ಮುಟ್ಟುವ ಕೆಲಸವನ್ನು ಮಾತ್ರ ನನಗೆ ಮತ್ತೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಯುದ್ಧ ಶುರುವಾಗಿ ಕಾಫಿ ಕೊಳ್ಳುವವರಿಲ್ಲದೆ ಮಾಲೀಕರು ಕೈಬಿಟ್ಟಾಗ ಎಲೆ ಆಸ್ಪತ್ರೆ ಮುಚ್ಚಿತು. ಸಾಹೇಬರು ಬೆಂಗಳೂರಿಗೆ ಹೋದರು. ನಾನು ಅದರ ಮುಂದಿದ್ದ ಕಾಫಿ ಕಾರ್ಖಾನೆಯಲ್ಲೇ ಗುಮಾಸ್ತನಾದೆ.

ಆ ಗಿಡ ಉಳಿದಿದ್ದರೂ ಮುಂದೊಂದು ದಿನ ಸೋಲುತ್ತಿತ್ತೇನೋ, ಯಾರಿಗೆ ಗೊತ್ತು ಎಂದು ನನ್ನ ಹೆಂಡತಿ ಒಮ್ಮೆ ಸಮಾಧಾನ ಹೇಳಿದ್ದಳು. ಇರಬಹುದು. ತುಕ್ಕಿನಲ್ಲಿ ಹಲವು ಜಾತಿ ಇರುವುದು ನಿಜವೆಂದು ಆಮೇಲೆ ತಿಳಿದವರಿಂದ ಕೇಳಿದ್ದೇನೆ. ಆದರೆ ಅದನ್ನು ತಿಳಿಯಲು ಗಿಡ ಇರಬೇಕಿತ್ತು. ನಾನು ಆ ಸಮಾಧಾನವನ್ನು ಒಪ್ಪಿಕೊಳ್ಳಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಯುದ್ಧದ ನಡುವೆ, ಪಿರಿಯಾಪಟ್ಟಣದಲ್ಲಿ. ಕಾರ್ಖಾನೆಯ ಕೆಲಸದ ಮೇಲೆ ಹೋಗಿದ್ದೆ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲು ಹೊಗೆಯಿಂದ ಓಡುತ್ತಿದ್ದ ಮೋಟಾರಿಗೆ ಕಾಯುತ್ತ ಮರದ ಕೆಳಗೆ ನಿಂತಿದ್ದಾಗ, ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದವಳು ಅವಳೆಂದು ಸ್ವಲ್ಪ ತಡವಾಗಿ ತಿಳಿಯಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಾಡಿಸಿದೆ. ಅವಳೂ ಚೆನ್ನಾಗಿಯೇ ಮಾತಾಡಿದಳು. ಕಾಫಿ ಎಲ್ಲ ತೆಗೆಸಿ ಆ ನೆಲಕ್ಕೆ ಹೊಗೆಸೊಪ್ಪು ಹಾಕಿದ್ದಳಂತೆ, ತಮ್ಮನ ಮಗ ನೋಡಿಕೊಳ್ಳುತ್ತಿದ್ದನಂತೆ. ನನಗೆ ಎಷ್ಟು ಮಕ್ಕಳು ಎಂದು ಕೇಳಿದಳು. ಎರಡು ಎಂದೆ. “ಚೆಂದಾಕಿರ್ಲಿ” ಎಂದಳು.

ಅವಳ ಕೈಯಲ್ಲಿ ಸರ್ಕಾರದ ಮೊಹರಿನ ಒಂದು ಕಾಗದವಿತ್ತು. ಹಿಂದುಮುಂದು ತಿರುಗಿಸಿ ನೋಡುತ್ತಿದ್ದಳು. ನೆಲದ ವಿಷಯದ್ದೇನೋ ನೋಟೀಸು ಇರಬೇಕು.

“ಕೊಡವ್ವ, ಓದಿ ಹೇಳ್ತೀನಿ” ಎಂದು ಕೈ ಚಾಚಿದೆ.

ಅವಳು ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬ್ಯಾಡಿ ಬುದ್ಧಿ, ನಿಮ್ಗ್ಯಾಕೆ ತೊಂದ್ರೆ. ಇಸ್ಕೂಲ್ ಮೇಷ್ಟ್ರು ಅವ್ರೆ, ಅವರತ್ರ ಓದುಸ್ಕತ್ತೀನಿ.”

ಮಾತಿನಲ್ಲಿ ಚುಚ್ಚು ಇರಲಿಲ್ಲ. ಎದ್ದು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಶಾಲೆಯ ಕಡೆಗೆ ನಡೆದಳು. ಚಾಚಿದ ಕೈಯನ್ನು ನಾನು ಕೋಟಿನ ಜೇಬಿಗೆ ಹಾಕಿಕೊಂಡೆ. ಮೋಟಾರು ಬರಲು ಇನ್ನೂ ಬಹಳ ಹೊತ್ತಿತ್ತು.